ಬುಧವಾರ, ಒಂದೇ ಚಾನೆಲ್ಲು

ಎರಡನೇ ಮಹಡಿಯ ಇಂಗ್ಲಿಷ್ ಮೇಷ್ಟ್ರು ಊರಿಗೆ ಹೋಗುವಾಗ
ಟಿವಿ ನನಗೆ ಬಿಟ್ಟರು, ರಿಮೋಟು ಬಿಡಲು ಮರೆತರು.
ಹಾಗಾಗಿ ಮುಹರ್ರಕ್ಕಿನ ಈ ಐದು ಮಾಳಿಗೆಯ ಬಾಗಿಲಲ್ಲಿ
ಮೂರು ವರ್ಷದಿಂದ ಒಂದೇ ಚಾನೆಲ್ಲು,
ಬಿಲಾಯತಿನ ಸರಕಾರಿ.
ಸರಕಾರಿಯಲ್ಲ ಮಾರಾಯಾ, ಸಾರ್ವಜನಿಕರದ್ದು, ಅಂತ
ಮೇಷ್ಟ್ರು ಒಮ್ಮೆ ಸಿಟ್ಟಿನಿಂದಲೇ ತಿದ್ದಿದ್ದರು.
ಜಾಹೀರಾತಿಲ್ಲ. ಮನೆಮನೆಯವರೂ ವರ್ಷಕ್ಕಿಷ್ಟು ಕಟ್ಟುತ್ತಾರಂತೆ.
ನಾನು ಕಟ್ಟುವುದಿಲ್ಲ. ನೋಡುತ್ತೇನೆ.

ಇಲ್ಲಿ ಒಂಬತ್ತು, ಅಲ್ಲಿ ಆರು.
ಕೆಂಪು ಸೋಫಾದ ಮೇಲೆ ಇಬ್ಬರು, ಕೈಯಲ್ಲಿ ಖಾಲಿ ಕಪ್ಪು
(ಎತ್ತುವ ರೀತಿಯಲ್ಲೇ ತೂಕ ತಿಳಿಯುತ್ತದೆ
ಹದಿನೆಂಟು ವರ್ಷ ಗ್ಯಾಸ್ ಸಿಲಿಂಡರು ಹೊತ್ತವನಿಗೆ).
ಹವಾಮಾನದ ಹೆಂಗಸು ನಕ್ಷೆಯ ಮೇಲೆ ಕೈಯಾಡಿಸುತ್ತಾಳೆ
ಮಗುವಿನ ಬೆನ್ನು ಸವರಿದ ಹಾಗೆ:
ಕಾರ್ಡಿಫಿನಲ್ಲಿ ತುಂತುರು, ಅಬರ್ಡೀನಿನಲ್ಲಿ ಗಾಳಿ.
ರಾತ್ರಿಪಾಳಿ ಮುಗಿಸಿ ಬಂದ ನರ್ಸು ಮಾರಿವಿಕ್
"ದಾಸ್, ಇವತ್ತು ಕೊಡೆ ಬೇಕಾ?" ಎಂದು ಲಿಫ್ಟು ಹತ್ತುತ್ತಾಳೆ.
ಮೂರು ವರ್ಷದಿಂದ ಇದೇ ತಮಾಷೆ. ಮೂರು ವರ್ಷದಿಂದ ನಗುತ್ತೇನೆ.

ಆಮೇಲೆ ಹರಾಜಿನ ಮನೆಗಳು. ಒದ್ದೆ ಗೋಡೆ, ಸುಣ್ಣ ಉದುರಿದ ಅಡುಗೆಮನೆ;
"ಎಷ್ಟೊಂದು ಸಾಧ್ಯತೆ!" ಎನ್ನುತ್ತಾನೆ ಕೋಟು ತೊಟ್ಟವ.
ನನ್ನ ಕೋಣೆ ಮೆಟ್ಟಿಲ ಕೆಳಗಿದೆ. ಒಳಗೆ ಹೋಗಿ
ಒಮ್ಮೆ ಅವನ ಹಾಗೆ ಕೈ ಬೀಸಿ ನೋಡಿದೆ.
ಗೋಡೆಗೆ ಬಡಿಯಿತು.

ನೀರಿನ ಟ್ಯಾಂಕರು ಬಂತು. ಪೈಪು ಹಿಡಿದು ನಿಂತದ್ದರಲ್ಲಿ
ಒಂದು ಅಡುಗೆ ಪೂರಾ ತಪ್ಪಿತು: ಹೋಗುವಾಗ ಹಿಟ್ಟಿತ್ತು,
ಬರುವಾಗ ಎಲ್ಲರೂ ಬಾಯಿ ಒರೆಸುತ್ತಿದ್ದರು.

ಮೂರಕ್ಕೆ ಪಾರ್ಲಿಮೆಂಟು.
ಹಸಿರು ಬೆಂಚಿನಲ್ಲಿ ಏಳುವುದು, ಕೂರುವುದು, ಏಳುವುದು;
ಮೀನುಮಾರ್ಕೆಟ್ಟಿನದೇ ಗದ್ದಲ, ಬುಟ್ಟಿ ಮಾತ್ರ ಕಾಣುವುದಿಲ್ಲ.
ಇಸ್ತ್ರಿ ಅಂಗಡಿಯ ಗುಲ್‌ಜಮಾನ್ ಇದಕ್ಕೆಂದೇ
ಶೆಟರು ಅರ್ಧ ಎಳೆದು ಬರುತ್ತಾನೆ.
ಭಾಷೆ ತಿಳಿಯದು; ಯಾರು ಸೋಲುತ್ತಿದ್ದಾರೆಂದು ತಿಳಿಯುತ್ತದಂತೆ,
ಕಾಲರು ನೋಡಿ.

ಸ್ನೂಕರು. ಯಾರೂ ಮಾತಾಡಲಿಲ್ಲ. ತೂಕಡಿಸಿದೆ.

ಮಗ್ರಿಬ್ ನಮಾಜು ಮುಗಿಸಿ ಯಜಮಾನರು ಬಂದರು, ಬೂರಾಶಿದ್,
ಎಂಬತ್ತಾರೋ ಎಂಬತ್ತೆಂಟೋ; ಬಾಡಿಗೆಯ ನೆಪ, ನನ್ನ ಚಹಾದ ಚಟ.
ಪರದೆಯಲ್ಲಿ ಹಳೆಯ ಸಾಮಾನಿಗೆ ಬೆಲೆ ಕಟ್ಟುವವರು:
ಯಾವುದೋ ಬಂಗಲೆಯ ಹುಲ್ಲಿನ ಮೇಲೆ ಸಾಲು, ಅಜ್ಜಿಯ ಗಡಿಯಾರ,
ಮೂತಿ ಮುರಿದ ಪಿಂಗಾಣಿ ನಾಯಿ. ಆಮೇಲೆ ಒಬ್ಬಾಕೆ
ಕರವಸ್ತ್ರ ಬಿಚ್ಚಿ ತೋರಿದಳು ಸಣ್ಣದೊಂದು ಕಪ್ಪು ವಸ್ತು,
ಅರ್ಧ ಬೆರಳುದ್ದ, ಸೀಳಿದ ಕೊಂಬು, ದಾರ ಪೋಣಿಸಿದ್ದು.
ತಾತ ಕೊಲ್ಲಿಯ ಕಡೆ ಹಡಗಿನಲ್ಲಿದ್ದರು;
ಬಟ್ಟೆ ಒಣಗಿಸುವ ಕ್ಲಿಪ್ಪಿರಬಹುದೆ?
ಅವನು ಕನ್ನಡಕ ಏರಿಸಿದ. ಮುತ್ತಿಗೆ ಮುಳುಗುವವರು
ಮೂಗಿಗೆ ಸಿಕ್ಕಿಸುವುದು, ಎಂದ. ಎಂಬತ್ತು ಪೌಂಡು.
ದಿನ ಒಳ್ಳೆಯದಿದ್ದರೆ ನೂರು.

ಬೂರಾಶಿದ್ ಲೋಟ ಕೆಳಗಿಟ್ಟರು.
"ಫಿತಾಮ್," ಎಂದರು.
ಅಷ್ಟೇ ಅಂದುಕೊಂಡೆ. ಅವರು
ಎರಡು ಬೆರಳಲ್ಲಿ ಮೂಗು ಹಿಡಿದರು, ಕಣ್ಣು ಮುಚ್ಚಿದರು;
ಇನ್ನೊಂದು ಕೈ ತೊಡೆಯ ಮೇಲೆ ಇಲ್ಲದ ಹಗ್ಗ ಹಿಡಿದಿತ್ತು.
ಪರದೆಯಲ್ಲಿ ಆಕೆ ನಕ್ಕಳು, ಹೆಸರುಗಳು ಹರಿದು ಮುಗಿದವು,
ಇವರು ಮೇಲೆ ಬರಲಿಲ್ಲ.
ನಾನು ಎಣಿಸತೊಡಗಿದೆ. ಬೆಲೇಕೇರಿಯ ಬಂಡೆಯಡಿ
ನೀಲಿಕಲ್ಲು ಕೀಳಲು ಅಣ್ಣ ಮುಳುಗಿದಾಗ
ದಡದಲ್ಲಿ ಹೀಗೇ ಎಣಿಸುತ್ತಿದ್ದೆ,
ಎಣಿಕೆ ತಪ್ಪಿದರೆ ಅವನು ಬರುವುದಿಲ್ಲವೆಂಬಂತೆ.
ನಲವತ್ತೊಂದು, ನಲವತ್ತೆರಡು.
ವಾರ್ತೆ ಶುರುವಾಯಿತು. ಐವತ್ತು.
ಗುಲ್‌ಜಮಾನ್ ಯಾರದೋ ಶರಟು ಹಿಡಿದು ಬಾಗಿಲಲ್ಲೇ ನಿಂತ.
ಐವತ್ತೆಂಟಕ್ಕೆ ಬಾಯಿ ತೆರೆಯಿತು. ಕೆಮ್ಮು, ಕಣ್ಣಲ್ಲಿ ನೀರು, ನಗು.
"ನನ್ನ ಅಪ್ಪ ಇದರ ಎರಡರಷ್ಟು.
ಅವನು ಸತ್ತಾಗ ನಾಖುದನ ಸಾಲವನ್ನು
ನಮ್ಮಣ್ಣನ ಹೆಸರಿಗೆ ಬರೆದುಕೊಂಡರು."
ಆಮೇಲೆ ಕೇಳಿದರು, ಎಂಬತ್ತು ಪೌಂಡಿಗೆ ಇವತ್ತು ಎಷ್ಟು ದಿನಾರು?
ಗೊತ್ತಿದ್ದೂ ಗೊತ್ತಿಲ್ಲವೆಂದೆ.

ರಾತ್ರಿ ಮೂರಕ್ಕೆ ಸಂಜೆಯದ್ದೇ ಮರುಪ್ರಸಾರ. ಮೂಲೆಯಲ್ಲಿ ಒಬ್ಬಳು
ಕಿವಿ ಕೇಳದವರಿಗೆಂದು ಕೈಯಲ್ಲಿ ಮಾತಾಡುತ್ತಾಳೆ.
ಸದ್ದು ಪೂರ್ತಿ ತೆಗೆದು ಕಾದೆ.
ಅದೇ ಹುಲ್ಲು, ಅದೇ ಕರವಸ್ತ್ರ.
ಅವಳೂ ಮೂಗು ಹಿಡಿದಳು, ಒಂದು ಕ್ಷಣ.
ಕೂಡಲೇ ಬಿಟ್ಟು
ಬೆರಳಲ್ಲಿ ಎಂಬತ್ತು ತೋರಿಸಿದಳು.